ಕೊನೆಯವರು ಬರೋವರ್ಗೂ ಕಾಯೋ ವಾಕಿಂಗ್ ಗ್ರೂಪ್: ಒಂದು ವಸಂತ, ಎಂಟು ಚಾರಣ, ನನ್ನ ರಿವ್ಯೂ

ಈ ವಸಂತದಲ್ಲಿ ನಮ್ಮ ಏರಿಯಾದ ವಾಕಿಂಗ್ ಗ್ರೂಪ್ ಜೊತೆ ಎಂಟು ಸಲ ಒಂದು ದಿನದ ಚಾರಣಕ್ಕೆ ಹೋಗಿ ಬಂದೆ, ನಡುನಡುವೆ ಮೂರು ಸಲ ಬರೀ ಫ್ರೆಂಡ್ಸ್ ಸೇರ್ಕೊಂಡು ಹೋದ್ವಿ. ಸುಮಾರು ಜನ ಕೇಳ್ತಿದ್ರು, ಗ್ರೂಪು ಹೇಗಿದೆ, ಸೇರ್ಕೋಬಹುದಾ, ಹೊಸಬರಿಗೆ ಆಗತ್ತಾ ಅಂತ, ಅದಕ್ಕೆ ಒಂದೇ ಸಲ ವಿವರವಾಗಿ ಬರೆದುಬಿಡೋಣ ಅಂತ ಕೂತಿದೀನಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಉಳಿದ ಒಂದು ಯಾಕೆ ಕೊಡ್ಲಿಲ್ಲ ಅನ್ನೋದನ್ನೂ ಹೇಳ್ತೀನಿ, ಮೊದ್ಲು ಆ ನಾಲ್ಕು ಎಲ್ಲಿಂದ ಬಂತು ಅಂತ ಹೇಳ್ಬೇಕು.

ಇದಕ್ಕಿಂತ ಮುಂಚೆ ಹೋದ ವರ್ಷ ಇದೇ ಟೈಮಲ್ಲಿ ಇನ್ನೊಂದು ಗುಂಪಿನ ಜೊತೆ ಹೋಗಿದ್ದೆ. ಅಲ್ಲಿ ಮುಂದೆ ಇದ್ದೋರು ಹೋಗ್ತಾನೇ ಇರ್ತಿದ್ರು, ಹಿಂದೆ ತಿರುಗಿ ನೋಡೋ ಅಭ್ಯಾಸನೇ ಇರ್ಲಿಲ್ಲ. ನನ್ನ ಗೆಳತಿ ಹಿಮ್ಮಡಿಲಿ ಬೊಬ್ಬೆ ಎದ್ದು ಕುಂಟ್ತಾ ಇದ್ಲು, ನಾನು ಅವಳ ಜೊತೆ. ಕಾಡೊಳಗೆ ದಾರಿ ಎರಡಾಗಿ ಒಡೆಯೋ ಜಾಗಕ್ಕೆ ಬಂದ್ವಿ, ಎರಡೂ ಕಡೆ ಕೆಸರು, ಎರಡೂ ಕಡೆ ಹೆಜ್ಜೆ ಗುರುತು, ಕೂಗಿದ್ರೆ ಉತ್ತರ ಇಲ್ಲ, ಫೋನಲ್ಲಿ ನೆಟ್‌ವರ್ಕ್ ಇಲ್ಲ. ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ವಿ. ಆಮೇಲೆ ಬಂದ ದಾರೀಲೇ ನಿಧಾನಕ್ಕೆ ವಾಪಸ್ ನಡ್ಕೊಂಡು ಶುರು ಮಾಡಿದ ಜಾಗಕ್ಕೇ ಬಂದು ಕೂತ್ವಿ. ಸಂಜೆ ಮಿಕ್ಕೋರೆಲ್ಲ ಇಳಿದು ಬಂದಾಗ ಲೀಡರ್ ಕೇಳಿದ್ದು, "ಓ, ನೀವು ಮೇಲೆ ಬರ್ಲೇ ಇಲ್ವಾ?" ಅಂತ. ಅಂದ್ರೆ ಇಡೀ ದಿನ ಇಬ್ರು ಇಲ್ಲ ಅನ್ನೋದೇ ಅವರಿಗೆ ಗೊತ್ತಾಗಿರ್ಲಿಲ್ಲ. ಆ ಮಾತು ಇವತ್ತಿಗೂ ಚುಚ್ಚತ್ತೆ. ಅವತ್ತಿಂದ ಯಾವ ಗ್ರೂಪ್ ಆದ್ರೂ ನಾನು ಮೊದ್ಲು ಗಮನಿಸೋದು ಒಂದೇ ವಿಷಯ, ಎಲ್ಲರಿಗಿಂತ ಹಿಂದೆ ನಡೆಯೋರನ್ನ ಇವರು ಹೇಗೆ ನೋಡ್ಕೋತಾರೆ ಅಂತ.

ಈಗಿನ ಗ್ರೂಪಿನವರು ಹೊರಡೋಕೆ ನಾಲ್ಕು ದಿನ ಮುಂಚೆನೇ ಮೆಸೇಜ್ ಹಾಕ್ತಾರೆ. "ಈಸಿ ಟ್ರೆಕ್, ಎಲ್ರೂ ಬನ್ನಿ" ಅನ್ನೋ ಥರದ್ದಲ್ಲ. ಎಷ್ಟು ಕಿಲೋಮೀಟರ್, ಒಟ್ಟು ಎಷ್ಟು ಮೀಟರ್ ಹತ್ತಬೇಕು, ದಾರಿ ಮಣ್ಣಿಂದಾ ಕಲ್ಲಿಂದಾ, ಹಳ್ಳ ದಾಟೋದು ಇದ್ಯಾ, ಅರ್ಧದಲ್ಲಿ ಆಗಲ್ಲ ಅನ್ಸಿದ್ರೆ ಎಲ್ಲಿಂದ ಇಳಿದು ರಸ್ತೆ ಸೇರಬಹುದು, ಎಲ್ಲಾ ಇರತ್ತೆ. ಟೈಮನ್ನೂ ಸುಮ್ನೆ ಬಾಯಿಗೆ ಬಂದಂಗೆ ಹೇಳಲ್ಲ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋ ಪರ್ವತಾರೋಹಿ 1892ರಲ್ಲಿ ಹಾಕಿಕೊಟ್ಟ ಒಂದು ಲೆಕ್ಕ ಇದೆ, ಈಗಿನ ಅಳತೇಲಿ ಹೇಳೋದಾದ್ರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಉದಾಹರಣೆಗೆ ನಮ್ಮ ಮೂರನೇ ಚಾರಣ 12 ಕಿಲೋಮೀಟರ್, 600 ಮೀಟರ್ ಏರು. ನೈಸ್ಮಿತ್ ಲೆಕ್ಕದಲ್ಲಿ 3 ಗಂಟೆ 24 ನಿಮಿಷ ಆಗತ್ತೆ, ಆದ್ರೆ ಅದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದ್ರೆ. ಇವರು ಅದಕ್ಕೆ ಅದರ ಅರ್ಧ ಸೇರಿಸಿ, ಊಟದ ಬ್ರೇಕ್ ಸೇರಿಸಿ, ಐದೂವರೆ ಗಂಟೆ ಅಂತ ಬರೆದಿದ್ರು. ನಾವು ಮುಗಿಸಿದ್ದು ಐದು ಮುಕ್ಕಾಲಿಗೆ. ಎಂಟರಲ್ಲಿ ಒಂದು ಸಲನೂ ಮುಕ್ಕಾಲು ಗಂಟೆಗಿಂತ ಜಾಸ್ತಿ ಹೆಚ್ಚುಕಮ್ಮಿ ಆಗ್ಲಿಲ್ಲ. ಮನೇಲಿ ಇಷ್ಟು ಹೊತ್ತಿಗೆ ಬರ್ತೀನಿ ಅಂತ ಹೇಳಿ ಬಂದೋರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಹೋದೋರಿಗೇ ಗೊತ್ತು.

ಇನ್ನು ಮುಖ್ಯ ವಿಷಯ. ಮುಂದೆ ಒಬ್ರು ಲೀಡರ್, ಕೊನೇಲಿ ಒಬ್ರು ಸ್ವೀಪ್. ಸ್ವೀಪ್ ಆದವರಿಗಿಂತ ಹಿಂದೆ ಯಾರೂ ಇರಂಗಿಲ್ಲ, ಫೋಟೋ ತೆಗೆಯೋಕೆ ನಿಂತ್ರೂ ಅವರೂ ನಿಲ್ತಾರೆ, ಬಹಿರ್ದೆಸೆಗೆ ಹೋಗೋದಿದ್ರೆ ಬ್ಯಾಗನ್ನ ದಾರಿ ಪಕ್ಕದಲ್ಲಿ ಕಾಣೋ ಹಾಗೆ ಇಟ್ಟು ಹೋಗಿ ಅಂತ ಹೇಳಿರ್ತಾರೆ. ದಾರಿ ಒಡೆಯೋ ಪ್ರತಿ ಜಾಗದಲ್ಲಿ, ಪ್ರತಿ ಹಳ್ಳ ದಾಟಿದ್ಮೇಲೆ ತಲೆ ಎಣಿಸ್ತಾರೆ. ಇಷ್ಟನ್ನ ಬೇರೆ ಗ್ರೂಪುಗಳೂ ಮಾಡ್ತಾರೇನೋ. ನನಗೆ ಇವರ ಮೇಲೆ ಪ್ರೀತಿ ಬಂದಿದ್ದು ಬೇರೆ ಒಂದು ಸಣ್ಣ ವಿಷಯಕ್ಕೆ.

ಸಾಮಾನ್ಯವಾಗಿ ಏನಾಗತ್ತೆ ಅಂದ್ರೆ ಮುಂದಿನವರು ಒಂದು ಕಡೆ ಕೂತ್ಕೊಂಡು ಹತ್ತು ನಿಮಿಷ ಸುಧಾರಿಸ್ಕೋತಾರೆ, ಹಿಂದಿನವರು ಏದುಸಿರು ಬಿಡ್ತಾ ಬಂದು ತಲುಪಿದ ಕೂಡ್ಲೇ "ಹಾಂ, ಎಲ್ರೂ ಬಂದ್ರಲ್ಲ, ನಡೀರಿ" ಅಂತ ಎದ್ದುಬಿಡ್ತಾರೆ. ಅಂದ್ರೆ ಯಾರಿಗೆ ಜಾಸ್ತಿ ಸುಸ್ತಾಗಿದ್ಯೋ ಅವರಿಗೇ ರೆಸ್ಟ್ ಇಲ್ಲ. ಇಲ್ಲಿ ಹಾಗಲ್ಲ. ಮೊದಲನೇ ಚಾರಣದಲ್ಲಿ ಅರವತ್ತು ದಾಟಿದ ಒಬ್ರು ಆಂಟಿ ಬಂದಿದ್ರು, ಮೊದಲ ಏರಲ್ಲೇ ಹಿಂದೆ ಬಿದ್ರು. ನಾವೆಲ್ಲ ಮೇಲೆ ಬಂಡೆ ಹತ್ರ ಕೂತು ನೀರು ಕುಡಿದು, ಹರಟೆ ಎಲ್ಲ ಮುಗಿಸಿ ಎದ್ದು ನಿಂತಾಗ ಅವರು ಬಂದ್ರು. ಲೀಡರ್ ಎದ್ದು ನಿಂತಿದ್ದೋರಿಗೆ ಕೂತ್ಕೊಳ್ಳಿ ಅಂತ ಕೈ ಮಾಡಿದ್ರು, ಆಂಟಿಗೆ ಜಾಗ ಬಿಡಿಸಿ ಕೂರಿಸಿದ್ರು, ಆಮೇಲೆ ಎಲ್ಲರ ಎದುರಿಗೆ ವಾಚ್ ನೋಡಿ ಹೇಳಿದ್ರು, "ಈಗ ಬ್ರೇಕ್ ಶುರು, ಹತ್ತು ನಿಮಿಷ." ಅಷ್ಟೇ. ಯಾರೂ ಗೊಣಗಲಿಲ್ಲ. ಆಂಟಿ ಶೂ ಬಿಚ್ಚಿ, ಒಳಗಿದ್ದ ಕಲ್ಲು ಕೊಡವಿ, ಸಾಕ್ಸ್ ಸರಿ ಮಾಡ್ಕೊಂಡು, ನೀರು ಕುಡಿದು, ಸುತ್ತ ನೋಡಿ "ಎಷ್ಟ್ ಚೆನ್ನಾಗಿದೆ ಅಲ್ವಾ ಇಲ್ಲಿ" ಅಂದ್ರು. ಅದುವರೆಗೂ ಅವರಿಗೆ ತಲೆ ಎತ್ತಿ ನೋಡೋಕೇ ಪುರುಸೊತ್ತು ಸಿಕ್ಕಿರ್ಲಿಲ್ಲ. ಬ್ರೇಕ್ ಆದ್ಮೇಲೆ ಅವರನ್ನೇ ಲೀಡರ್ ಹಿಂದೆ ಎರಡನೇಯವರಾಗಿ ನಡೆಸಿದ್ರು, ಆಗ ಇಡೀ ಗುಂಪಿನ ಸ್ಪೀಡ್ ತಾನಾಗೇ ಅವರ ಸ್ಪೀಡಿಗೆ ಬಂತು. ಆಂಟಿ ಎಂಟಕ್ಕೆ ಏಳು ಚಾರಣಕ್ಕೆ ಬಂದ್ರು.

ಬೊಬ್ಬೆ ವಿಷಯಕ್ಕೂ ಹಾಗೇ. ಎರಡನೇ ಚಾರಣದಲ್ಲಿ ನನ್ನ ಬಲಗಾಲಿನ ಹಿಮ್ಮಡಿ ಸ್ವಲ್ಪ ಬಿಸಿಬಿಸಿ ಅನಿಸ್ತಿತ್ತು, ಹಳೇ ಅನುಭವ ಇತ್ತಲ್ಲ, ಎಲ್ಲರನ್ನೂ ಕಾಯಿಸೋದು ಯಾಕೆ ಅಂತ ಸುಮ್ನೆ ನಡೀತಿದ್ದೆ. ಸ್ವೀಪ್ ಮಾಡ್ತಿದ್ದ ಹುಡುಗ ನನ್ನ ನಡಿಗೆ ನೋಡೇ ಕೇಳ್ದ, "ಅಕ್ಕ, ಹಿಮ್ಮಡಿ ಉಜ್ತಿದ್ಯಾ? ಈಗಲೇ ನಿಲ್ಲಿ, ಗುಳ್ಳೆ ಎದ್ಮೇಲೆ ಮಾಡೋಕೆ ಏನಿಲ್ಲ." ಮೊಣಕಾಲೂರಿ ಕೂತು ಸಾಕ್ಸನ್ನ ಒಳಗೆ ಹೊರಗೆ ಮಾಡಿ ಒಂದು ಹುಲ್ಲಿನ ಬೀಜ ತೆಗೆದ, ಚರ್ಮ ಒಣಗೋಕೆ ಎರಡು ನಿಮಿಷ ಬಿಟ್ಟು ಟೇಪ್ ಅಂಟಿಸ್ದ, ಟೇಪಿನ ಮೂಲೆಗಳನ್ನ ಕತ್ತರಿಲಿ ದುಂಡಗೆ ಮಾಡಿದ್ದ, ಇಲ್ದಿದ್ರೆ ಸಾಕ್ಸಿಗೆ ಸಿಕ್ಕಿ ಕಿತ್ತು ಬರತ್ತಂತೆ. ಆಮೇಲೆ ಲೇಸ್ ಕಟ್ಟೋ ಒಂದು ವಿಧಾನ ತೋರಿಸ್ದ. ಶೂನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ತೂತು ಖಾಲಿ ಇರತ್ತಲ್ಲ, ನಾನು ಇಷ್ಟು ವರ್ಷ ಅದು ಯಾಕಿದೆ ಅಂತ ಯೋಚನೆನೇ ಮಾಡಿರ್ಲಿಲ್ಲ. ಲೇಸನ್ನ ಅದೇ ಪಕ್ಕದ ಆ ತೂತಿಗೆ ಹಾಕಿ ಎರಡೂ ಕಡೆ ಸಣ್ಣ ಕುಣಿಕೆ ಮಾಡಿ, ಎದುರುಬದುರು ಕುಣಿಕೆ ಒಳಗೆ ಲೇಸ್ ತೂರಿಸಿ ಎಳೆದ್ರೆ ಹಿಮ್ಮಡಿ ಶೂ ಒಳಗೆ ಕದಲೋದೇ ಇಲ್ಲ. ಅವತ್ತಿಂದ ಇಳಿಜಾರಲ್ಲಿ ಬೆರಳು ಮುಂದಕ್ಕೆ ಹೋಗಿ ಗುದ್ದೋದು ನಿಂತಿದೆ, ಉಗುರು ಕಪ್ಪಾಗೋದೂ ನಿಂತಿದೆ. ಇದೊಂದು ಕಲಿತಿದ್ದಕ್ಕೇ ಅರ್ಧ ಸ್ಟಾರ್ ಕೊಡಬಹುದು.

ವಸಂತದಲ್ಲಿ ನಡೆಯೋಕೆ ಒಂದು ಬೇರೆ ಥರದ ತಯಾರಿ ಬೇಕು, ಅದನ್ನ ಇವರು ಚೆನ್ನಾಗಿ ಅರ್ಥ ಮಾಡ್ಕೊಂಡಿದಾರೆ. ಕೆಳಗೆ ಹೊರಡೋವಾಗ ಬಿಸಿಲು ಹಿತವಾಗಿರತ್ತೆ, ಜಾಕೆಟ್ ಯಾಕೆ ಸುಮ್ನೆ ಹೊರೋದು ಅನ್ಸತ್ತೆ. ಆದ್ರೆ ಸರಾಸರಿ ಪ್ರತಿ 1000 ಮೀಟರ್ ಮೇಲೆ ಹೋದ್ರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಮ್ಮಿಯಾಗತ್ತೆ, ಅದರ ಮೇಲೆ ಗುಡ್ಡದ ನೆತ್ತೀಲಿ ಗಾಳಿ, ಬೆವರಿಗೆ ಒದ್ದೆಯಾದ ಬಟ್ಟೆ. ಹತ್ತಿ ಬಟ್ಟೆ ಒದ್ದೆಯಾದ್ರೆ ಬೇಗ ಒಣಗಲ್ಲ, ಮೈಗೆ ಅಂಟ್ಕೊಂಡು ಶಾಖನೆಲ್ಲ ಎಳ್ಕೊಂಡುಬಿಡತ್ತೆ. ಅದಕ್ಕೆ ಹೊರಡೋವಾಗ ಸ್ವಲ್ಪ ಚಳಿ ಅನಿಸೋ ಹಾಗೇ ಹೊರಡಿ, ಬೆವರೋಕೆ ಮುಂಚೆನೇ ಒಂದು ಪದರ ತೆಗೀರಿ, ನಿಂತ ತಕ್ಷಣ ಹಾಕ್ಕೊಳ್ಳಿ ಅಂತ ಲೀಡರ್ ಪ್ರತಿ ಸಲ ಹೇಳ್ತಾರೆ. ಪ್ರತಿ ಸಲ ಹೇಳೋದು ಕೆಲವರಿಗೆ ಬೋರ್ ಆಗತ್ತೆ, ನನಗೆ ಆಗಲ್ಲ, ಪ್ರತಿ ಸಲ ಒಬ್ರಾದ್ರೂ ಹೊಸಬರು ಇದ್ದೇ ಇರ್ತಾರೆ. ಬಿಸಿಲಿನ ವಿಷಯಕ್ಕೂ ಅಷ್ಟೇ, ತಂಪಿದೆ ಅಂದ್ಕೊಂಡು ಟೋಪಿ ಬಿಟ್ಟು ಬರ್ತೀವಿ, ಆದ್ರೆ ಪ್ರತಿ 1000 ಮೀಟರಿಗೆ ಅಲ್ಟ್ರಾವಯೊಲೆಟ್ ಕಿರಣ ಸುಮಾರು 10 ಪರ್ಸೆಂಟ್ ಜಾಸ್ತಿಯಾಗತ್ತೆ, ಚಳಿ ಇದ್ರೂ ಚರ್ಮ ಸುಡತ್ತೆ. ನನ್ನ ಕಿವಿ ತುದಿ, ಕತ್ತಿನ ಹಿಂಭಾಗ ನಾಲ್ಕನೇ ಚಾರಣದಲ್ಲಿ ಕೆಂಪಾಗಿ ಸಿಪ್ಪೆ ಎದ್ದಿತ್ತು.

ಹಿಮ ಕರಗಿ ತುಂಬೋ ಹಳ್ಳಗಳನ್ನ ಬೆಳಿಗ್ಗೆನೇ ದಾಟಿಸ್ತಾರೆ. ರಾತ್ರಿ ಚಳಿಗೆ ಕರಗೋದು ನಿಂತಿರತ್ತೆ, ಬಿಸಿಲು ಏರಿದಂಗೆ ಮೇಲಿಂದ ನೀರು ಜಾಸ್ತಿಯಾಗ್ತಾ ಬರತ್ತೆ, ಬೆಳಿಗ್ಗೆ ಪಾದ ಮುಳುಗೋಷ್ಟು ಇದ್ದ ಹಳ್ಳ ಮಧ್ಯಾಹ್ನದ ಮೇಲೆ ಮೊಣಕಾಲಿಗೆ ಬಂದಿರತ್ತೆ. ಐದನೇ ಚಾರಣದಲ್ಲಿ ವಾಪಸ್ ಬರೋ ದಾರಿ ಅದೇ ಹಳ್ಳ ದಾಟೋದಾಗಿತ್ತು, ಲೀಡರ್ ದಡದಲ್ಲಿ ನಿಂತು ಒಂದು ನಿಮಿಷ ನೋಡಿ, ಬೇಡ ಅಂದ್ಬಿಟ್ಟು ಎರಡು ಕಿಲೋಮೀಟರ್ ಸುತ್ತಿ ಸೇತುವೆ ಕಡೆಯಿಂದ ಕರ್ಕೊಂಡು ಬಂದ್ರು. ಕೆಲವರಿಗೆ ಬೇಜಾರಾಯ್ತು. ನನಗೆ ಅವರ ಮೇಲಿನ ನಂಬಿಕೆ ಗಟ್ಟಿಯಾಗಿದ್ದೇ ಅವತ್ತು.

ಕೆಸರಿನ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ನಾನು ಇಷ್ಟು ದಿನ ಉಲ್ಟಾ ಮಾಡ್ತಿದ್ದೆ. ದಾರಿ ಮಧ್ಯೆ ಕೆಸರು ಇದ್ರೆ ಪಕ್ಕದ ಹುಲ್ಲಿನ ಮೇಲೆ ಸುತ್ತಿ ಹೋಗ್ತೀವಲ್ಲ, ಒಬ್ರು ಹೋದ್ರೆ ಏನೂ ಆಗಲ್ಲ, ಇಪ್ಪತ್ತು ಜನ ಹೋದ್ರೆ ಅಲ್ಲೂ ಕೆಸರಾಗತ್ತೆ, ಮುಂದಿನವರು ಇನ್ನೂ ಪಕ್ಕಕ್ಕೆ ಹೋಗ್ತಾರೆ, ಹಾಗೇ ಒಂದಡಿ ಅಗಲ ಇದ್ದ ಕಾಲುದಾರಿ ಮೂರು ನಾಲ್ಕು ಅಡಿ ಆಗಿ ಆಗ ತಾನೇ ಚಿಗುರ್ತಿರೋ ಗಿಡ ಎಲ್ಲ ತುಳಿದು ಸಾಯತ್ತೆ. ಅದಕ್ಕೆ ಕೆಸರಿದ್ರೂ ಮಧ್ಯದಲ್ಲೇ ನಡೀಬೇಕು, ಶೂ ತೊಳ್ಕೋಬಹುದು. ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳು ಮೊಟ್ಟೆ ಇಡೋದೂ ಇದೇ ಕಾಲಕ್ಕೆ, ಅದಕ್ಕೆ ನಾಯಿ ತರೋರು ಹಗ್ಗ ಬಿಚ್ಚಂಗಿಲ್ಲ ಅಂತ ರೂಲ್ಸ್ ಮಾಡಿದಾರೆ, ಒಪ್ಪೋ ಮಾತು. ಉಣ್ಣೆ ಹುಳಗಳೂ ಏಳೋ ಟೈಮು. ಎತ್ತರದ ಹುಲ್ಲಿರೋ ಕಡೆ ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕಿಸ್ತಾರೆ, ಮನೆಗೆ ಹೋಗಿ ಮೊಣಕಾಲಿನ ಹಿಂದೆ, ಕಂಕುಳು, ತೊಡೆ ಸಂದು, ಕಿವಿ ಹಿಂದೆ ನೋಡ್ಕೊಳ್ಳಿ, ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಚರ್ಮಕ್ಕೆ ತಾಗೋ ಹಾಗೆ ಹಿಡಿದು ನೆಟ್ಟಗೆ ಎಳೀರಿ, ತಿರುಚಬೇಡಿ ಅಂತ ಚಾರಣ ಮುಗಿದ ದಿನ ಸಂಜೆ ಮರೀದೆ ಮೆಸೇಜ್ ಹಾಕ್ತಾರೆ.

ಮೊದಲ ಎರಡು ಚಾರಣ ಬೇಕಂತಲೇ ಚಿಕ್ಕದಾಗಿಟ್ಟಿದ್ರು, 6 ಮತ್ತು 8 ಕಿಲೋಮೀಟರ್. ಚಳಿಗಾಲ ಪೂರ್ತಿ ಕೂತಿದ್ದ ಕಾಲು ಒಂದೇ ಸಲ ದೊಡ್ಡ ಇಳಿಜಾರು ತಡ್ಕೊಳಲ್ಲ. ಹತ್ತೋವಾಗ ಉಸಿರು ಕಟ್ಟತ್ತೆ ನಿಜ, ಆದ್ರೆ ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯೋಕೆ ಆಗದಂಗೆ ತೊಡೆ ಹಿಡ್ಕೊಳೋದು ಇಳಿದಿದ್ದಕ್ಕೆ, ಯಾಕಂದ್ರೆ ಇಳಿಯೋವಾಗ ಸ್ನಾಯು ಉದ್ದವಾಗ್ತಾ ಭಾರ ತಡೀಬೇಕು. ಒಂದು ಸಲ ಸ್ವಲ್ಪ ನೋಯಿಸ್ಕೊಂಡ್ರೆ ಎರಡನೇ ಸಲಕ್ಕೆ ಅಷ್ಟು ನೋಯಲ್ಲ. ಮೊದಲನೇದಾದ್ಮೇಲೆ ನನಗೆ ಎರಡು ದಿನ ನೋವಿತ್ತು, ಮೂರನೇ ಚಾರಣದ ದೊಡ್ಡ ಇಳಿಜಾರಿಗೆ ಏನೂ ಅನಿಸ್ಲಿಲ್ಲ.

ಈಗ ಫ್ರೆಂಡ್ಸ್ ಜೊತೆ ಹೋಗಿದ್ದು. ನಾವು ಐದು ಜನ, ಕಾಲೇಜಿಂದ ಜೊತೆ ಇರೋರು. ಅದರ ಸುಖನೇ ಬೇರೆ, ಯಾವುದೋ ಒಂದು ಮರದ ಕೆಳಗೆ ಇಷ್ಟ ಆಯ್ತು ಅಂದ್ರೆ ಗಂಟೆಗಟ್ಟಲೆ ಕೂರಬಹುದು, ಮನೇಲಿ ಫೋನಲ್ಲಿ ಹೇಳೋಕಾಗದ ವಿಷಯ ನಡೀತಾ ನಡೀತಾ ಹೇಳ್ಕೋಬಹುದು. ಪಕ್ಕಪಕ್ಕ ನಡೆಯೋವಾಗ ಮುಖ ನೋಡಬೇಕಾಗಿಲ್ಲ, ಅದಕ್ಕೋ ಏನೋ ಕಷ್ಟದ ಮಾತು ಸಲೀಸಾಗಿ ಬರತ್ತೆ. ನನ್ನ ಫ್ರೆಂಡ್ ಒಬ್ಳು ಕೆಲಸ ಬಿಡೋ ವಿಷಯ ಮೊದಲು ಹೇಳಿದ್ದು ಹಾಗೆ ಒಂದು ಏರಲ್ಲಿ, ಉಸಿರಿನ ಮಧ್ಯೆ. ಆದ್ರೆ ನಮ್ಮಲ್ಲಿ ಯಾರೂ ಜವಾಬ್ದಾರಿ ತಗೋತಿರ್ಲಿಲ್ಲ. ಏಳಕ್ಕೆ ಅಂತ ಹೇಳಿ ಒಂಬತ್ತೂವರೆಗೆ ಹೊರಡೋದು, ದಾರಿ ಎಲ್ಲಿ ಅಂದ್ರೆ ಎಲ್ರೂ ಇನ್ನೊಬ್ರು ನೋಡಿರ್ತಾರೆ ಅಂದ್ಕೊಳೋದು. ಮೊದಲ ಸಲ ಇಳಿಯೋ ಅಷ್ಟರಲ್ಲಿ ಕತ್ತಲಾಗಿ ಐದು ಜನಕ್ಕೆ ಎರಡು ಫೋನಿನ ಟಾರ್ಚು, ಅದರಲ್ಲಿ ಒಂದು 9 ಪರ್ಸೆಂಟ್ ಬ್ಯಾಟರಿ. ಎರಡನೇ ಸಲಕ್ಕೆ ನಾನು ಗ್ರೂಪಲ್ಲಿ ಕಲಿತಿದ್ದನ್ನ ಇಲ್ಲೂ ತಂದೆ. ಒಬ್ರು ಮುಂದೆ, ಒಬ್ರು ಸ್ವೀಪ್, ಪ್ರತಿ ಸಲ ಬದಲಾಯಿಸೋದು, ಎಷ್ಟು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗೋದು ಅಂತ ಮೊದಲೇ ಮಾತಾಡ್ಕೊಳೋದು. ಅವರು ಮೊದ್ಲು ನಕ್ಕಿದ್ರು, ಮೂರನೇ ಸಲ ನಾನು ಹೇಳೋಕೆ ಮುಂಚೆನೇ ಒಬ್ಳು "ಇವತ್ತು ಸ್ವೀಪ್ ನಾನು" ಅಂದ್ಲು.

ಫೋನ್ ಬಗ್ಗೆನೂ ಗ್ರೂಪಲ್ಲೇ ಗೊತ್ತಾಗಿದ್ದು. ನೆಟ್‌ವರ್ಕ್ ಇಲ್ಲ ಅಂದ್ರೆ ಜಿಪಿಎಸ್ ಇಲ್ಲ ಅಂದ್ಕೊಂಡಿದ್ದೆ, ಹಾಗಲ್ಲ, ಅದು ಸ್ಯಾಟಲೈಟಿಂದ ನೇರ ಬರತ್ತೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಂಡಿದ್ರೆ ಏರೋಪ್ಲೇನ್ ಮೋಡಲ್ಲೂ ಎಲ್ಲಿದೀವಿ ಅಂತ ತೋರಿಸತ್ತೆ. ಸಿಗ್ನಲ್ ಸಿಗದ ಕಡೆ ಫೋನ್ ಟವರ್ ಹುಡುಕ್ತಾ ಹುಡುಕ್ತಾನೇ ಬ್ಯಾಟರಿ ತಿನ್ನೋದು, ಅದಕ್ಕೆ ಆ ಮೋಡ್ ಹಾಕೋದೇ ಒಳ್ಳೇದು. ಹೋದ ವರ್ಷ ಆ ಕವಲುದಾರೀಲಿ ನಿಂತಾಗ ಇದು ಗೊತ್ತಿದ್ರೆ ಅನ್ಸತ್ತೆ. ಲೀಡರ್ ಬ್ಯಾಗಲ್ಲಿ ಕಾಗದದ ಮ್ಯಾಪೂ ಇರತ್ತೆ. ಪ್ರತಿಯೊಬ್ರ ಹತ್ರ ಸೀಟಿ ಇರ್ಲೇಬೇಕು, ಅಪಾಯದಲ್ಲಿದ್ರೆ ಒಂದು ನಿಮಿಷದಲ್ಲಿ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು, ಕೇಳಿಸ್ಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡಬೇಕು. ಇದನ್ನ ಮೊದಲ ದಿನ ಎಲ್ಲರ ಕೈಲೂ ಊದಿಸಿ ಕಲಿಸಿದ್ರು.

ಆರನೇ ಚಾರಣ ನಡೆಯೋದಕ್ಕಿಂತ ಕೆಲಸ ಮಾಡೋದೇ ಜಾಸ್ತಿ ಇತ್ತು. ಚಳಿಗಾಲದಲ್ಲಿ ಬಿದ್ದ ಕೊಂಬೆ ಎತ್ತೋದು, ನೀರು ದಾರಿ ಮೇಲೆ ಹರೀದಂಗೆ ಪಕ್ಕದ ಚರಂಡೀಲಿ ತುಂಬಿದ ಎಲೆ ತೆಗೆಯೋದು, ಮುರಿದ ಕೈಕಂಬದ ಫೋಟೋ ತೆಗೆದು ಸಂಬಂಧಪಟ್ಟವರಿಗೆ ಕಳಿಸೋದು. ನನಗೆ ಆ ಎಂಟರಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದೇ. ಎಲೆ ಕೆದಕ್ತಾ ಗುಂಪಿನ ಹಿರಿಯರೊಬ್ರು ಹೇಳಿದ್ರು, ನಡೆಯೋ ದಾರಿ ನಮಗೆ ಪುಕ್ಕಟೆ ಬಂದಿದ್ದಲ್ಲ, ಇಂಗ್ಲೆಂಡಲ್ಲಿ 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಅನ್ನೋ ಗುಡ್ಡಕ್ಕೆ ನೂರಾರು ಜನ ಬೇಕಂತಲೇ ನುಗ್ಗಿದ್ರು, ಅದು ಬೇಟೆಗೆ ಅಂತ ಮೀಸಲಿಟ್ಟಿದ್ದ ಜಾಗ, ಜನ ಕಾಲಿಡಂಗಿರ್ಲಿಲ್ಲ, ಐದು ಜನ ಯುವಕರು ಅದಕ್ಕೆ ಜೈಲಿಗೆ ಹೋದ್ರು, 1949ರಲ್ಲಿ ನ್ಯಾಷನಲ್ ಪಾರ್ಕ್ ಕಾನೂನು ಬಂತು, 1951ರಲ್ಲಿ ಆ ಗುಡ್ಡ ಇರೋ ಪೀಕ್ ಡಿಸ್ಟ್ರಿಕ್ಟೇ ಅಲ್ಲಿನ ಮೊದಲ ನ್ಯಾಷನಲ್ ಪಾರ್ಕ್ ಆಯ್ತು ಅಂತ. ಅವರೂ ನಮ್ಮ ಥರನೇ ವಾರವೆಲ್ಲ ದುಡಿದು ಭಾನುವಾರ ನಡೆಯೋಕೆ ಹೋಗೋ ಜನ. ಅದು ಕೇಳಿದ್ಮೇಲೆ ಚರಂಡಿ ಎಲೆ ತೆಗೆಯೋದು ಸಣ್ಣ ಕೆಲಸ ಅನಿಸ್ಲೇ ಇಲ್ಲ.

ಇನ್ನು ಕೊಡದೇ ಇದ್ದ ಸ್ಟಾರ್. ಒಂದು, ಜನ ಜಾಸ್ತಿ. ಮೊದಲ ಚಾರಣಕ್ಕೆ 14 ಜನ ಇದ್ವಿ, ಹೂ ಬಿಡೋ ಹೊತ್ತಿಗೆ ಏಳನೇದಕ್ಕೆ 31. ಅಷ್ಟು ಜನಕ್ಕೆ ಒಬ್ರು ಸ್ವೀಪ್ ಸಾಕಾಗಲ್ಲ, ತಲೆ ಎಣಿಸೋಕೇ ಐದು ನಿಮಿಷ, ಸಣ್ಣ ದಾರೀಲಿ ಎದುರಿಂದ ಬರೋರು ನಮ್ಮನ್ನ ದಾಟೋಕೆ ಕಾಯ್ತಾ ನಿಂತಿರ್ತಾರೆ. ಅವತ್ತು ಬ್ರೇಕಿನ ನಿಯಮನೂ ತಪ್ಪಿತು, ಕೊನೆಯ ಮೂರು ಜನ ಬರೋ ಹೊತ್ತಿಗೆ ಮುಂದಿನವರು ಹೊರಟಾಗಿತ್ತು. ನೋಡಿ ನನಗೆ ತುಂಬಾ ಬೇಜಾರಾಯ್ತು, ಯಾವುದಕ್ಕೋಸ್ಕರ ಈ ಗ್ರೂಪ್ ಇಷ್ಟ ಆಗಿತ್ತೋ ಅದೇ ಕೈ ಬಿಟ್ಟೋಯ್ತು.

ಎರಡು, ಸ್ಪೀಕರ್. ಈ ಗ್ರೂಪಲ್ಲಿ ಪ್ರತಿ ಚಾರಣದಲ್ಲೂ ಹದಿನೈದು ನಿಮಿಷ ಯಾರೂ ಮಾತಾಡದೆ ನಡೆಯೋ ಒಂದು ಪದ್ಧತಿ ಇದೆ. ಮೊದಮೊದಲು ಮುಜುಗರ ಅನ್ಸತ್ತೆ, ಮೂರ್ನಾಲ್ಕು ನಿಮಿಷ ಆದ್ಮೇಲೆ ಶೂ ಕೆಳಗೆ ಒಣ ಎಲೆ ಮುರಿಯೋದು, ಒಂದು ಹಕ್ಕಿ ಕೂಗಿ ಇನ್ನೊಂದು ದೂರದಿಂದ ಉತ್ತರ ಕೊಡೋದು, ಎಲ್ಲೋ ಕಾಣದ ಕಡೆ ನೀರು ಹರಿಯೋದು, ಇವೆಲ್ಲ ಒಂದೊಂದಾಗಿ ಕೇಳೋಕೆ ಶುರುವಾಗತ್ತೆ. ಏಳನೇ ಚಾರಣದಲ್ಲಿ ಒಬ್ರು ಬ್ಯಾಗಿಗೆ ಬ್ಲೂಟೂತ್ ಸ್ಪೀಕರ್ ಕಟ್ಕೊಂಡು ಹಾಡು ಹಾಕ್ಕೊಂಡೇ ಬಂದ್ರು, ಆ ಹದಿನೈದು ನಿಮಿಷ ಬಿಟ್ರೆ ಮಿಕ್ಕಿದ ಹೊತ್ತೆಲ್ಲ ಹಾಡೇ. ಲೀಡರ್ ಯಾಕೋ ಏನೂ ಹೇಳ್ಲಿಲ್ಲ. ಹೇಳ್ಬೇಕಿತ್ತು.

ಚಾರಣ ರದ್ದಾದ್ರೆ ಬೆಳಿಗ್ಗೆ ಐದೂವರೆಗೆ ಮೆಸೇಜ್ ಬರತ್ತೆ ಅನ್ನೋದು ಇನ್ನೊಂದು ಸಣ್ಣ ತಕರಾರು, ಆದ್ರೆ ಹವಾಮಾನ ನೋಡ್ಕೊಂಡು ಹೇಳ್ಬೇಕಲ್ಲ, ಅದನ್ನ ದೊಡ್ಡದು ಮಾಡಲ್ಲ.

ಹೊಸಬರು ಸೇರ್ಕೋಬಹುದಾ ಅಂತ ಕೇಳಿದ್ರೆ ಖಂಡಿತ ಸೇರ್ಕೊಳ್ಳಿ, ಅದ್ರಲ್ಲೂ ನಾನು ನಿಧಾನ, ನನ್ನಿಂದ ಎಲ್ಲರಿಗೂ ತೊಂದರೆ ಅಂತ ಹೆದರ್ಕೊಂಡು ಮನೇಲೇ ಇರೋರು. ಬೇಗ ಬೇಗ ಹತ್ತಿ ಇಳಿದು ಟೈಮ್ ನೋಡ್ಕೊಳೋ ಆಸೆ ಇರೋರಿಗೆ ಇದು ಸರಿ ಹೋಗಲ್ಲ, ಅಂಥವರಿಗೆ ಬೇರೆ ಗ್ರೂಪುಗಳಿವೆ. ಎಂಟನೇ ಚಾರಣ ಆದ್ಮೇಲೆ ನಾನು ಲೀಡರಿಗೆ ಎರಡು ವಿಷಯ ಬರೆದು ಕಳಿಸಿದೀನಿ, 16 ಜನಕ್ಕಿಂತ ಜಾಸ್ತಿ ಆದ್ರೆ ಎರಡು ಗುಂಪು ಮಾಡಿ, ಬೇಕಿದ್ರೆ ಎರಡನೇ ಗುಂಪಿಗೆ ನಾನೇ ಸ್ವೀಪ್ ಆಗ್ತೀನಿ, ಮತ್ತೆ ಸ್ಪೀಕರ್ ಬೇಡ ಅಂತ ಮೆಸೇಜಲ್ಲೇ ಹಾಕಿ ಅಂತ. ಮೊದಲನೇದಕ್ಕೆ ಆಯ್ತು ಅಂದಿದಾರೆ, ಸ್ವೀಪ್ ಟ್ರೈನಿಂಗಿಗೆ ಮುಂದಿನ ಶನಿವಾರ ಬನ್ನಿ ಅಂತ ಕರೆದಿದಾರೆ. ಸ್ಪೀಕರ್ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ, ಬಂದ ದಿನ ಇಲ್ಲೇ ಸೇರಿಸ್ತೀನಿ.